ಮೊದಲಿನಿಂದ ಹೇಳುವ ಹುಡುಗ, ನಡುವೆ ಬಾಯಿ ಹಾಕುವ ಅಕ್ಕ

1944ನೇ ಇಸವಿ, ಜೂನ್ ತಿಂಗಳ ಮೊದಲ ಶುಕ್ರವಾರ. ಸಮಯ ಬೆಳಿಗ್ಗೆ ಆರೂವರೆ. ಸ್ಥಳ, ಕೊಪ್ಪಳದ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ಮಾಸ್ತರನಾದ ನಾನು, ನನ್ನಲ್ಲಿ ಪಾಠಕ್ಕೆ ಬಂದಿದ್ದ ಕಾಲೇಜು ವಿದ್ಯಾರ್ಥಿ ವೀರೇಶ ಮತ್ತು ಅವನ ತಂದೆ ಬಸಲಿಂಗಪ್ಪನವರು. ಹಾಜರಿರಬಾರದೆಂದು ಹೇಳಿದ್ದರೂ ಒಳಬಾಗಿಲ ಹಿಂದೆ ಹಾಜರಿದ್ದವಳು ನನ್ನ ಅಕ್ಕ ನೀಲವ್ವ. ಒಂಬತ್ತಕ್ಕೆ ಬರಬೇಕಾಗಿದ್ದವರು ನಮ್ಮ ಹೈಸ್ಕೂಲಿನ ಸದರ್ ಸಾಹೇಬರು, ಎಂದರೆ ಹೆಡ್‌ಮಾಸ್ತರರು.

ಆಗ ನಾವಿದ್ದದ್ದು ನಿಜಾಮರ ಸರಕಾರದಲ್ಲಿ. ವಾರದ ಸೂಟಿ ಶುಕ್ರವಾರ. ಮಧ್ಯಾಹ್ನದ ನಮಾಜಿಗೆ ಮೊದಲು ಸಾಹೇಬರಿಗೆ ಬಿಡುವಿರುತ್ತಿತ್ತು. ಆ ಬಿಡುವಿನಲ್ಲಿ ಅವರು ನಮ್ಮ ಮನೆಗೆ ಬಂದು ವೀರೇಶನನ್ನು ಪರೀಕ್ಷೆ ಮಾಡುವವರಿದ್ದರು. ಹುಡುಗ ಕಾಲೇಜಿನ ಮೊದಲ ವರ್ಷದಲ್ಲೇ ಎರಡು ಸಲ ಫೇಲಾಗಿದ್ದ. ಓದಿದ ಹೈಸ್ಕೂಲಿನ ಮುಖ್ಯಸ್ಥರು ಕೂಡಿಸಿ ಕೇಳಿ, ‘ಈತ ಯೋಗ್ಯ’ ಎಂದು ಬರೆದುಕೊಟ್ಟರೆ ಮಾತ್ರ ಮತ್ತೆ ಸೇರಿಸಿಕೊಳ್ಳುತ್ತೇವೆ ಎಂದು ಕಾಲೇಜಿನವರು ತಿಳಿಸಿದ್ದರು. ಬಸಲಿಂಗಪ್ಪನವರು ಇನ್ನೂ ಸ್ಪಷ್ಟವಾಗಿ ತಿಳಿಸಿದ್ದರು.

“ಸಾಹೇಬ್ರು ಬರ್ದು ಕೊಟ್ರ ಕಾಲೇಜು, ಕೊಡ್ಲಿಲ್ಲಂದ್ರ ಅಂಗಡಿ. ನಾಳಿ ಮುಂಜಾನಿ ತಕ್ಕಡಿ ಹಿಡೀತಾನ. ಮೂರನೇ ಮಾತಿಲ್ರಿ ಮಾಸ್ತರ್ರ.”

ವೀರೇಶ ತಲೆ ತಗ್ಗಿಸಿ ಚಾಪೆಯ ಅಂಚು ಕೀಳುತ್ತಿದ್ದ. ಅವನಿಗೆ ಓದಬೇಕೆಂಬ ಆಸೆ ನಿಜವಾಗಿಯೂ ಇತ್ತು. ಅದಕ್ಕೇ ಈ ಸಂಗತಿಯನ್ನು ಬರೆಯುತ್ತಿದ್ದೇನೆ. ಆಸೆ ಇಲ್ಲದವರ ಕಥೆ ಬೇರೆ, ಅದು ಬೇಗ ಮುಗಿಯುತ್ತದೆ.

ಈಗ ನಮ್ಮ ಊರಲ್ಲೇ ಕಾಲೇಜಿದೆ, ಇದನ್ನು ಓದುತ್ತಿರುವ ಹೊಸ ಮಾಸ್ತರರಾದ ನೀವು ಅಲ್ಲಿ ಪಾಠ ಹೇಳಲು ಹೊರಟಿದ್ದೀರಿ. ನಮ್ಮ ಕಾಲದಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲಿ ಹುಡುಕಿದರೂ ಕಾಲೇಜಿರಲಿಲ್ಲ. ಮೆಟ್ರಿಕ್ ಆದ ಹುಡುಗರು ರೈಲು ಹತ್ತಿ ಹೋಗುತ್ತಿದ್ದರು. ಬೇಸಿಗೆಯಲ್ಲಿ ಒಂದು ತಗಡಿನ ಟ್ರಂಕು, ಹೊಸ ನಮೂನೆಯ ಬೈತಲೆ ಮತ್ತು ಕೆಟ್ಟ ಫಲಿತಾಂಶದೊಂದಿಗೆ ಮರಳುತ್ತಿದ್ದರು. ಬೈತಲೆಯನ್ನು ತಾಯಂದಿರು ನೋಡಿ ಸಂತೋಷಪಡುತ್ತಿದ್ದರು. ಫಲಿತಾಂಶವನ್ನು ತಂದೆಯರು ನನ್ನ ಬಳಿ ತರುತ್ತಿದ್ದರು. ನಾನು ಹೈಸ್ಕೂಲಿನ ಮಾಸ್ತರ. ಬಡ್ತಿ, ವರ್ಗಾವಣೆಗಳ ಸಂಗತಿಯನ್ನು ಪೆನ್ಶನ್ ಕಚೇರಿಯ ಕಡತ ನನಗಿಂತ ಚೆನ್ನಾಗಿ ಹೇಳುತ್ತದೆ, ಅದನ್ನು ಬಿಡುತ್ತೇನೆ. ನನ್ನ ನಿಜವಾದ ಉದ್ಯೋಗ ನಡೆದದ್ದು ರಜೆಯಲ್ಲಿ, ಈ ಪಡಸಾಲೆಯಲ್ಲಿ. ಕಾಲೇಜಿನ ಹುಡುಗರಿಗೆ ಹೇಗೆ ಓದಬೇಕು, ಓದಿದ್ದನ್ನು ಇಟ್ಟುಕೊಂಡು ಹೇಗೆ ವಿಚಾರ ಮಾಡಬೇಕು ಎಂದು ಕಲಿಸುವುದು.

ನಾನು ಬೆಳೆದ ಶಾಲೆಯಲ್ಲಿ ಗಂಟೆ ಹೊಡೆದ ಮೇಲೆ ಸೀನುವುದಕ್ಕೂ ಅಪ್ಪಣೆ ಬೇಕಿತ್ತು. ಆ ಶಿಸ್ತು ಮೈಗೆ ಹತ್ತಿತ್ತು. ಪಡಸಾಲೆಯ ತೊಲೆಗೆ ಒಂದು ರೈಲು ಹಳಿಯ ತುಂಡು ಕಟ್ಟಿದ್ದೆ, ಅದು ಗಂಟೆ. ಗೋಡೆಗೆ ಕರಿಹಲಗೆ, ಅದರ ಮೇಲೆ ವೇಳಾಪತ್ರಿಕೆ. ಏಳಕ್ಕೆ ಚರಿತ್ರೆ, ಎಂಟಕ್ಕೆ ತರ್ಕ, ಸಂಜೆ ಐದಕ್ಕೆ ಮೌನ ಓದು. ಒಮ್ಮೆ ಶಾಲಾ ತನಿಖೆಯ ದೊಡ್ಡ ಅಧಿಕಾರಿಯೇ ಮನೆಗೆ ಬಂದಾಗಲೂ ಚರಿತ್ರೆ ಮುಗಿಯುವವರೆಗೆ ಕಟ್ಟೆಯ ಮೇಲೆ ಕೂಡಿಸಿದ್ದೆ. ಅಧಿಕಾರಿ ಕೂತರು. ಬೇಸಿಗೆಯ ಬಿಸಿಲಿಗೆ ಕಟ್ಟೆಯೂ ಕಾದಿತ್ತು, ಅವರೂ ಕಾದಿದ್ದರು.

ಎರಡು ಬಗೆಯ ಹುಡುಗರನ್ನು ನಿಮಗೆ ತೋರಿಸಿಯೇ ಮುಂದಕ್ಕೆ ಹೋಗಬೇಕು, ಇವರು ನಿಮಗೂ ಸಿಗುತ್ತಾರೆ. ಕುಷ್ಟಗಿಯ ಒಬ್ಬನಿಗೆ ಮುಖ್ಯವಾದ ಸಾಲಿಗೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆ ಎಂದು ಹೇಳಿದೆ. ವಾರದ ಮೇಲೆ ಪುಸ್ತಕ ತೆರೆದರೆ ಪುಟಸಂಖ್ಯೆಯೊಂದನ್ನು ಬಿಟ್ಟು ಎಲ್ಲವೂ ಕೆಂಪು. “ಯಾವ್ದು ಬಿಡ್ಲಿ ಅಂತ ತಿಳೀಲಿಲ್ರಿ ಸರ್, ಎಲ್ಲಾ ಛಲೋ ಬರ್ದಾರ” ಎಂದ. ಗಂಗಾವತಿಯ ಇನ್ನೊಬ್ಬ ಮೂರು ಬಣ್ಣದ ಮಸಿಯಲ್ಲಿ ಓದಿನ ವೇಳಾಪತ್ರಿಕೆ ಬರೆದು ತಂದ. ಅಂಥ ಅಂದವಾದ ವೇಳಾಪತ್ರಿಕೆಯನ್ನು ನಾನು ಕಂಡೇ ಇರಲಿಲ್ಲ. ಎಲ್ಲರಿಗೂ ತೋರಿಸಿ ಹೊಗಳಿದೆ. ಅವನು ಹುರುಪಿನಿಂದ ಇನ್ನೊಂದು ಬರೆದ, ಮತ್ತೊಂದು ಬರೆದ. ರಜೆ ಮುಗಿಯುವ ಹೊತ್ತಿಗೆ ಪುಸ್ತಕದ ಹಾಳೆಗಳು ಅಂಟಿಕೊಂಡಂತೆಯೇ ಇದ್ದವು. ಅಕ್ಕ ಇಂದಿಗೂ ಆ ಹುಡುಗನನ್ನು “ನಿನ್ನ ಖಾಸಾ ಶಿಷ್ಯ” ಎಂದೇ ಕರೆಯುತ್ತಾಳೆ.

ವೀರೇಶನ ಕಾಯಿಲೆ ಇವೆರಡೂ ಅಲ್ಲ. ಅವನು ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಯವನು. ಕಾಲೇಜಿನಲ್ಲಿ ಊರ ಹೆಸರು ಹೇಳಿದೊಡನೆ ಎಲ್ಲರೂ ಸಮುದ್ರ ಹೇಗಿದೆ, ಮೀನು ಹೇಗಿದೆ ಎಂದು ಕೇಳುತ್ತಿದ್ದರಂತೆ. ನಾಚಿಕೆಯ ಹುಡುಗ, ಎರಡು ವರ್ಷ ಸುಮ್ಮನೆ ‘ಚೆನ್ನಾಗಿದೆ’ ಎನ್ನುತ್ತಾ ಬಂದಿದ್ದ. ಯಾರನ್ನೂ ನಡುವೆ ತಡೆಯುವ, ‘ಹಾಗಲ್ಲ’ ಎನ್ನುವ ಅಭ್ಯಾಸವೇ ಅವನಿಗಿರಲಿಲ್ಲ.

ಏಪ್ರಿಲಿನಲ್ಲಿ ಅವನು ಬಂದ ಮೊದಲ ದಿನ ತರ್ಕದ ಪುಸ್ತಕ ತೆಗೆದುಕೊಂಡು ಕೇಳಿದೆ. ಕಾಲೇಜಿನ ಪಾಠವೆಲ್ಲ ಉರ್ದುವಿನಲ್ಲಿ, ಪುಸ್ತಕವೂ ಉರ್ದುವಿನಲ್ಲಿ. ತರ್ಕಕ್ಕೆ ಅಲ್ಲಿ ‘ಮಂತಿಕ್’ ಎನ್ನುತ್ತಿದ್ದರು. ವೀರೇಶ ಕಣ್ಣು ಮುಚ್ಚಿ, ಹಿಂದೆ ಮುಂದೆ ತೂಗುತ್ತಾ, “ಮಂತಿಕ್ ವೊ ಇಲ್ಮ್ ಹೈ” ಎಂದು ಶುರು ಮಾಡಿದ. ತರ್ಕವೆಂಬುದು ಇಂಥ ವಿದ್ಯೆ ಎಂದು ಆರಂಭವಾದ ಪಾಠ ಒಂದಕ್ಷರ ತಪ್ಪದೆ ಹರಿಯಿತು. ನನಗೆ ಆನಂದವಾಯಿತು. ಇಂಥವನು ಫೇಲಾದದ್ದು ಹೇಗೆ?

“ಸಾಕು. ಮೂರನೇ ಪುಟದಲ್ಲಿ ಏನಿದೆ ಹೇಳು” ಎಂದೆ.

ಹುಡುಗ ಕಣ್ಣು ಬಿಟ್ಟ. ಬಾವಿಯ ನಡುವೆ ಹಗ್ಗ ಬಿಟ್ಟವನಂತೆ ನೋಡಿದ. ಮತ್ತೆ ಕಣ್ಣು ಮುಚ್ಚಿ, “ಮಂತಿಕ್ ವೊ ಇಲ್ಮ್ ಹೈ” ಎಂದ.

“ಅಲ್ಲಪ್ಪಾ, ಮೂರನೇ ಪುಟ.”

“ಅಲ್ಲಿಗೇ ಹೊಂಟೀನ್ರಿ ಸರ್. ದಾರಿ ಹಿಂಗ ಐತಿ.”

ಪರೀಕ್ಷೆಯಲ್ಲೂ ಇದೇ ಆಗಿತ್ತು. ಪ್ರಶ್ನೆ ಎಲ್ಲಿಂದ ಬಂದರೂ ಉತ್ತರಪತ್ರಿಕೆ ಪುಸ್ತಕದ ಮೊದಲ ಸಾಲಿನಿಂದ ಹೊರಡುತ್ತಿತ್ತು. ಉತ್ತರ ಇದ್ದ ಊರು ತಲುಪುವುದರೊಳಗೆ ಗಂಟೆ ಹೊಡೆಯುತ್ತಿತ್ತು. ಎರಡು ವರ್ಷವೂ ಅವನು ಪ್ರಯಾಣದಲ್ಲೇ ಫೇಲಾದ.

ನಾನು ತಿಳಿದ ಉಪಾಯಗಳನ್ನೆಲ್ಲ ಮಾಡಿದೆ. ಪಾಠವನ್ನು ತುಂಡು ತುಂಡಾಗಿ ಕೊಟ್ಟೆ. ಅವನು ತುಂಡುಗಳನ್ನು ಮತ್ತೆ ಜೋಡಿಸಿಕೊಂಡ. ಹಿಂದಿನಿಂದ ಓದಿಸಿದೆ. ಹಿಂದಿನಿಂದಲೂ ಬಾಯಿಪಾಠ ಮಾಡಿಕೊಂಡ. ಕನ್ನಡದಲ್ಲಿ ಹೇಳು ಎಂದೆ. ನನಗೆ ಉರ್ದು ಬರುತ್ತದೆಂದು ಅವನಿಗೆ ಗೊತ್ತು, ಆದ್ದರಿಂದ ನಾಲ್ಕು ಮಾತು ಕನ್ನಡದಲ್ಲಿ ಹೇಳಿ ಮತ್ತೆ ಅದೇ ಹಳಿಗೆ ಜಾರುತ್ತಿದ್ದ.

ಇನ್ನು ಅಕ್ಕನ ವಿಷಯ. ನೀಲವ್ವ ನನಗಿಂತ ಹಿರಿಯಳು. ಮನೆ, ಎಮ್ಮೆ, ಅಡಿಗೆ, ನಾನು, ಈ ಕ್ರಮದಲ್ಲಿ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದಳು. ಯಾರೇ ಆಗಲಿ ಒಂದು ವಾಕ್ಯ ಪೂರ್ತಿ ಮಾಡುವುದನ್ನು ಅವಳು ಎಂದೂ ಸಹಿಸಿದವಳಲ್ಲ. ಜಂಗಮರು ಹರಸುತ್ತಿದ್ದರೆ ‘ಆಶೀ’ ಅಂದಾಗಲೇ “ಊಟಾ ಆತ್ರಿ ಅಯ್ಯಾರ?” ಎನ್ನುವವಳು. ಸಂಜೆಯ ಮೌನ ಓದಿನ ಹೊತ್ತಿಗೆ ಸರಿಯಾಗಿ ಪಡಸಾಲೆಗೆ ಬಂದು ಕಾಳು ಆರಿಸುತ್ತಾ ಕೂಡುತ್ತಿದ್ದಳು. ಅಲ್ಲಿಗೆ ಮೌನವೂ ಮುಗಿಯಿತು, ಓದೂ ಮುಗಿಯಿತು. ನಾನು ಎಷ್ಟೋ ಸಲ ಹೇಳಿದ್ದೆ, “ಅಕ್ಕಾ, ಹುಡುಗ್ರು ಓದಾಕತ್ಯಾರ” ಎಂದು. “ಓದ್ಲಿ ಬಿಡು, ನಾ ಏನ್ ಅವರ ಕಣ್ ಹಿಡಿದೇನು?” ಎನ್ನುತ್ತಿದ್ದಳು.

ಮೇ ತಿಂಗಳ ಒಂದು ಸಂಜೆ ನಾನು ಪೇಟೆಯಿಂದ ಬರುವಾಗ ಪಡಸಾಲೆಯಲ್ಲಿ ಅಕ್ಕ ಲಬೋ ಎನ್ನುವುದು ಕೇಳಿಸಿತು.

“ಅಯ್ಯ ಶಿವನ! ಯಾರದು ಜೈದ್? ಏನಾಗಿತ್ತೋ ಅವಗ?”

ಜೈದ್ ಎಂಬುದು ತರ್ಕದ ಪುಸ್ತಕದಲ್ಲಿ ಉದಾಹರಣೆಗೆ ಬರುವ ಹೆಸರು. ಎಲ್ಲ ಮನುಷ್ಯರೂ ಸಾಯುತ್ತಾರೆ, ಜೈದ್ ಮನುಷ್ಯ, ಆದ್ದರಿಂದ ಜೈದನೂ ಸಾಯುತ್ತಾನೆ. ವೀರೇಶ ಬಾಯಿಪಾಠ ಮಾಡುತ್ತಿದ್ದಾಗ ಅಕ್ಕ ಏನು ಓದುತ್ತೀಯೋ ಎಂದು ಕೇಳಿದ್ದಾಳೆ, ಅವನು ಇಷ್ಟನ್ನು ಕನ್ನಡದಲ್ಲಿ ಹೇಳಿದ್ದಾನೆ. ನಾನು ಹೊರಗೇ ನಿಂತೆ.

“ಏನೂ ಆಗಿಲ್ರಿ ಅವ್ವಾರ. ಅಂವ ಮನಷ್ಯಾ ಅದಾನ, ಹಂಗಾಗಿ...”

“ಮನಷ್ಯಾ ಇದ್ರ ಸಾಯಬೇಕೇನು? ನೀನೂ ಮನಷ್ಯಾ ಅದಿ, ಹೊಟ್ಟಿ ತುಂಬ ರೊಟ್ಟಿ ತಿಂದು ಕುಂತಿ.”

“ಈಗಲ್ರಿ, ಯಾವಾಗರ ಒಮ್ಮಿ...”

“ಹಂಗಾರ ಈಗ್ಯಾಕ ಅವನ ಸುದ್ದಿ? ಹೆಂಡ್ತಿ ಮಕ್ಳು ಅದಾರೇನು?”

ಹುಡುಗ ಅಭ್ಯಾಸದಂತೆ ಕಣ್ಣು ಮುಚ್ಚಿ, “ಮಂತಿಕ್ ವೊ” ಎಂದ. ಅಕ್ಕ ಅಲ್ಲೇ ತಡೆದಳು. “ಅದೆಲ್ಲಾ ಬ್ಯಾಡ, ಅವನ ಹೆಂಡ್ತೀದು ಹೇಳು.” ಹುಡುಗ ಮತ್ತೊಮ್ಮೆ ಹೊರಟ, ಮತ್ತೊಮ್ಮೆ ತಡೆದಳು. ಮೂರನೆಯ ಸಲ ಅವನು ಹಿಂದಕ್ಕೆ ಹೋಗಲಿಲ್ಲ. ದಾರಿಯೇ ಮುಚ್ಚಿ ಹೋಗಿತ್ತಲ್ಲ. ನಿಂತ ಜಾಗದಿಂದಲೇ ಸ್ವಲ್ಪ ಸಿಟ್ಟಿನಿಂದ ಹೇಳಿದ.

“ಅವ್ವಾರ, ಜೈದ್ ಯಾರರ ಇರ್ಲಿ ಬಿಡ್ರಿ. ಎಲ್ಲಾರಿಗೂ ಸಾವು ಐತಿ ಅಂತ ಒಪ್ಪಿದ್ರಿಲ್ಲೋ? ಅಂವ ಎಲ್ಲಾರೊಳಗ ಒಬ್ಬ ಅಂತ ಒಪ್ಪಿದ್ರಿಲ್ಲೋ? ಮುಗೀತು. ಇನ್ನ ಅವಂದು ಬ್ಯಾರೆ ಕೇಳೂದ ಬ್ಯಾಡ್ರಿ.”

ಹೇಳಿದವನು ತಾನೇ ಬೆರಗಾದ. ಪುಸ್ತಕದ ಒಂದು ಪದವೂ ಇಲ್ಲದೆ ಪುಸ್ತಕದ ಮಾತು ಅವನ ಬಾಯಿಂದ ಬಂದಿತ್ತು.

ಅಂದಿನಿಂದ ನಾನು ಮೌನ ಓದಿನ ಹೊತ್ತಿನಲ್ಲಿ ಪೇಟೆಗೆ ಹೋಗುವ ನೆಪ ಮಾಡತೊಡಗಿದೆ. ಹಲಗೆಯ ಮೇಲೆ ‘ಮೌನ ಓದು’ ಎಂದೇ ಇತ್ತು. ಹಲಗೆ ತಿದ್ದಿದರೆ ಅಕ್ಕನ ಮುಂದೆ ಸೋತಂತಾಗುತ್ತದೆ. ವೀರೇಶನಿಗೆ ಮಾತ್ರ ಒಂದು ಕಟ್ಟಳೆ ಹಾಕಿದೆ. ಆ ದಿನ ಓದಿದ್ದನ್ನು ಅಕ್ಕನಿಗೆ ಕನ್ನಡದಲ್ಲಿ ಹೇಳಬೇಕು, ತಡೆದರೆ ತಡೆದಲ್ಲಿಂದಲೇ ಮುಂದುವರಿಯಬೇಕು. ಚರಿತ್ರೆಯ ರಾಜರು ಯುದ್ಧಕ್ಕೆ ಹೊರಟಾಗ ಅಕ್ಕ ಬುತ್ತಿ ಯಾರು ಕಟ್ಟಿದರು ಎಂದು ಕೇಳುತ್ತಿದ್ದಳು. ಹುಡುಗ ಮೊದಮೊದಲು ಬೆವರಿದ. ಆಮೇಲೆ ಸೈನ್ಯಕ್ಕೆ ದವಸ ಎಲ್ಲಿಂದ ಬಂದಿರಬೇಕು, ಅದಿಲ್ಲದೆ ಯುದ್ಧ ಯಾಕೆ ಸೋತರು ಎಂದು ತಾನೇ ಹುಡುಕಿ ಓದತೊಡಗಿದ.

ನಾನೂ ಮನೆಯಲ್ಲೇ ಇದ್ದ ಒಂದು ದಿನ ಅವನು ಫೇಲಾದ ಪತ್ರಿಕೆಯ ಪ್ರಶ್ನೆಯನ್ನೇ ಅಕ್ಕನ ಮುಂದೆ ಇಟ್ಟ. ಎಲ್ಲ ಕುದುರೆಗಳಿಗೂ ನಾಲ್ಕು ಕಾಲು, ಈ ಪ್ರಾಣಿಗೂ ನಾಲ್ಕು ಕಾಲು, ಆದ್ದರಿಂದ ಇದು ಕುದುರೆ. ಇದರಲ್ಲಿ ತಪ್ಪೇನು?

“ಬರೇ ಕಾಲಿಂದ ಕೇಳ್ತಿ, ಬಾಲದ್ದು ಹೇಳವಲ್ಲಿ” ಎಂದು ಅಕ್ಕ ಗೊಣಗುತ್ತಾ ಎಮ್ಮೆಗೆ ಮೇವು ಹಾಕಲು ಎದ್ದಳು. ವೀರೇಶ ಅವಳ ಹಿಂದೆಯೇ ನೋಡುತ್ತಿದ್ದವನು ಇದ್ದಕ್ಕಿದ್ದಂತೆ ಗಹಗಹಿಸಿ ನಕ್ಕ. “ಸರ್, ಎಮ್ಮಿ! ಎಮ್ಮಿಗೂ ನಾಕ ಅದಾವ್ರಿ! ಕುದರಿಗೆಲ್ಲಾ ನಾಕ ಕಾಲು ಅಂದ್ರ, ನಾಕ ಕಾಲಿನವೆಲ್ಲಾ ಕುದರಿ ಅಂದಂಗಾಗ್ಲಿಲ್ಲ!” ಕಾಲೇಜಿನಲ್ಲಿ ಎರಡು ವರ್ಷ ಕಾದು ಕೂತಿದ್ದ ಉತ್ತರ ನಮ್ಮ ದನದ ಕೊಟ್ಟಿಗೆಯ ಮುಂದೆ ಅವನಿಗೆ ತಾನಾಗಿ ಸಿಕ್ಕಿತು. ಎಮ್ಮೆ ಏನೂ ಆಗಿಲ್ಲವೆಂಬಂತೆ ಮೇಯುತ್ತಿತ್ತು.

ಇಷ್ಟು ಹೇಳಿದ ಮೇಲೆ ಶುಕ್ರವಾರಕ್ಕೆ ಬರುತ್ತೇನೆ.

ಸಾಹೇಬರು ಒಂಬತ್ತಕ್ಕೆ ಸರಿಯಾಗಿ ಬಂದರು. ಬಿಳಿ ಗಡ್ಡ, ಇಸ್ತ್ರಿಯ ಶೇರ್ವಾನಿ, ಮೆಲುದನಿ. ಅಂಥ ನೆನಪಿನ ಶಕ್ತಿಯುಳ್ಳವರನ್ನು ನಾನು ಮತ್ತೆ ಕಾಣಲಿಲ್ಲ. ಪುಸ್ತಕವನ್ನು ಮುಟ್ಟದೆ ಪಾಠ ಮಾಡುತ್ತಿದ್ದರು, ನಿಂತರೆ ಗಂಟೆ ಹೊಡೆಯುವವರೆಗೂ ಒಂದೇ ಧಾರೆ. ಅವರ ಮಾತನ್ನು ನಡುವೆ ತಡೆದವರು ಇಡೀ ಕೊಪ್ಪಳದಲ್ಲಿ ಯಾರೂ ಇರಲಿಲ್ಲ. ವೀರೇಶ ಹೈಸ್ಕೂಲಿನಲ್ಲಿ ಅವರ ಮೆಚ್ಚಿನ ಹುಡುಗ. ತೂಗಿ ತೂಗಿ ಒಪ್ಪಿಸುವುದನ್ನು ಕಲಿತದ್ದು ಅವರ ತರಗತಿಯಲ್ಲೇ.

ಅಕ್ಕನಿಗೆ ಒಳಗೇ ಇರು, ಸಾಹೇಬರು ಹೋಗುವವರೆಗೆ ಬಾಯಿ ಬಿಡಬೇಡ ಎಂದು ಕೈಮುಗಿದು ಹೇಳಿದ್ದೆ. “ನನಗೇನ್ ಬಾಯಿ ಚಟಾ ಐತೇನೋ ತಮ್ಮಾ?” ಎಂದು ಮುನಿಸಿಕೊಂಡು ಬಾಗಿಲ ಹಿಂದೆ ಕೂತಿದ್ದಳು.

“ಶುರು ಮಾಡು ಬೇಟಾ” ಎಂದರು ಸಾಹೇಬರು. “ಮಂತಿಕ್, ಮೊದಲನೇ ಪಾಠ, ಮೊದಲಿಂದ.”

ಎರಡು ತಿಂಗಳು ನಾನೂ ಅಕ್ಕನೂ ಸೇರಿ ಬಿಡಿಸಿದ್ದೇ ಆ ಅಭ್ಯಾಸವನ್ನು.

ವೀರೇಶ ಎರಡು ಸಾಲು ಹೇಳಿ ನಿಂತ. ಮೂರನೆಯದನ್ನು ತಡಕಾಡಿದ. “ಸಾಲು ನೆನಪಾಗವಲ್ದು ಸಾಹೇಬ್ರ. ಅದರಾಗ ಏನೈತಿ ಅಂತ ಹೇಳ್ಲೇನ್ರಿ?”

“ಅದು ಆಮೇಲೆ. ಮೊದಲು ಪಾಠ ಒಪ್ಪಿಸು.”

ಬಸಲಿಂಗಪ್ಪನವರು ರುಮಾಲು ಸರಿಮಾಡಿಕೊಂಡು ಎದ್ದೇ ನಿಂತರು. “ಮುಂಚೆ ಬುಕ್ಕು ಬಾಯಿಪಾಠರ ಬರ್ತಿತ್ತು. ನಿಮ್ಮಲ್ಲಿ ಬಿಟ್ಟ ಮ್ಯಾಲ ಅದೂ ಹೋತಲ್ರಿ ಮಾಸ್ತರ್ರ! ನಡಿಯೋ ವೀರ್ಯಾ, ಯಲಬುರ್ಗಿ ಬಸ್ಸು ಸಿಗತೈತಿ.”

ವೀರೇಶನ ಕಣ್ಣು ತುಂಬಿತ್ತು. ನಾನು ಏನಾದರೂ ಹೇಳಬೇಕಿತ್ತು, ಆದರೆ ಮೇಲಧಿಕಾರಿ ಮಾತಾಡುವಾಗ ಕೆಳಗಿನವನು ಮಾತಾಡಬಾರದು ಎಂಬ ಪಾಠ ನನಗೂ ಬಾಯಿಪಾಠವಾಗಿತ್ತು.

“ಕೂಡ್ರಿ ಬಸಲಿಂಗಪ್ಪನೋರ” ಎಂದರು ಸಾಹೇಬರು ವ್ಯಥೆಯಿಂದ. “ವೀರೇಶ, ನಾನು ಹೇಳ್ತೀನಿ, ಕೇಳು. ಪಾಠ ಅಂದರೆ ಹೀಗಿರಬೇಕು.” ಅವರು ಕಣ್ಣು ಮುಚ್ಚಿದರು. “ಮಂತಿಕ್ ವೊ ಇಲ್ಮ್ ಹೈ...” ಆಹಾ, ಏನು ಉಚ್ಚಾರ, ಏನು ಓಘ! ಒಂದೊಂದೇ ಪುಟ ದಾಟಿ ಧಾರೆ ಜೈದನ ತನಕ ಬಂತು. ಎಲ್ಲ ಮನುಷ್ಯರೂ ಸಾಯುವವರು. ಜೈದ್ ಮನುಷ್ಯ. ಆದ್ದರಿಂದ ಜೈದ್...

ಬಾಗಿಲ ಹಿಂದಿನಿಂದ ಧ್ವನಿ ಬಂತು. “ಇನ್ನಾ ಸತ್ತಿಲ್ರಿ ಅಂವ! ಎರಡು ತಿಂಗಳಾತು, ದಿನಾ ಸಾಯಾಕತ್ಯಾನ, ಸಾಯವಲ್ಲ!”

ಸಾಹೇಬರು ನಿಂತುಬಿಟ್ಟರು. ಕಣ್ಣು ತೆರೆದರು. ಗಡ್ಡ ನೀವಿಕೊಂಡು ಮತ್ತೆ ಕಣ್ಣು ಮುಚ್ಚಿ, “ಮಂತಿಕ್ ವೊ ಇಲ್ಮ್ ಹೈ” ಎಂದರು.

ನಾನು ನೆಲ ನೋಡಿದೆ. ಧಾರೆ ಮತ್ತೆ ಹೊರಟಿತು, ಮತ್ತೆ ಜೈದನ ಬಾಗಿಲಿಗೆ ಬಂತು. ಅಕ್ಕನಿಗೆ ತನ್ನ ತಪ್ಪು ಹೊಳೆದಿರಬೇಕು, ಸರಿಪಡಿಸಲು ಹೊರಟಳು. “ಛಾ ತರ್ಲೇನ್ರಿ ಸಾಹೇಬ್ರಿಗೆ?”

ಧಾರೆ ಮತ್ತೆ ನಿಂತಿತು. ಸಾಹೇಬರು ಮೂರನೆಯ ಸಲ “ಮಂತಿಕ್” ಎನ್ನುವಷ್ಟರಲ್ಲಿ ವೀರೇಶ ಬಾಯಿ ತೆರೆದ. ಸಮುದ್ರದ ವಿಷಯದಲ್ಲೂ ಯಾರನ್ನೂ ತಡೆಯದ ಹುಡುಗ.

“ಸಾಹೇಬ್ರ, ಮೊದಲಿಂದ ಬ್ಯಾಡ್ರಿ. ನೀವು ಭಾಳ ಹತ್ರ ಬಂದಿದ್ರಿ. ಎಲ್ಲಾರೂ ಸಾಯ್ತಾರ ಅಂದ್ರಿ, ಜೈದ್ ಮನಷ್ಯಾ ಅಂದ್ರಿ. ಈ ಎರಡು ಕೈಯಾಗಿದ್ರ ಸಾಕ್ರಿ. ಮೂರನೇದು ತಾನ ಬರತೈತಿ, ಅದನ್ನ ನೆನಪು ಇಟ್ಕೊಳ್ಳೋದ ಬ್ಯಾಡ.”

ಸಾಹೇಬರು ಹುಡುಗನನ್ನೇ ನೋಡಿದರು. “ತಾನೇ ಬರುತ್ತದೆ” ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಅವರ ಗಡ್ಡ ಅಲುಗಿತು, ಭುಜ ಅಲುಗಿತು. ನಗುತ್ತಿದ್ದರು.

“ಅಚ್ಛಾ. ಹಾಗಾದರೆ ನಡುವಿನಿಂದಲೇ ಕೇಳ್ತೀನಿ.”

ಕೇಳಿದರು. ಪುಸ್ತಕದ ಕೊನೆಯಿಂದ ಒಂದು, ನಡುವಿನಿಂದ ಒಂದು, ಪುಸ್ತಕದಲ್ಲೇ ಇಲ್ಲದ್ದು ಇನ್ನೊಂದು. ವೀರೇಶ ಕೆಲವನ್ನು ಯೋಚಿಸಿ ಹೇಳಿದ, ಒಂದನ್ನು ತಪ್ಪು ಹೇಳಿ, ತಪ್ಪೆಂದು ತಾನೇ ಹಿಡಿದು ತಿದ್ದಿಕೊಂಡ. ಕುದುರೆಯ ಪ್ರಶ್ನೆಗೆ ಎಮ್ಮೆಯನ್ನು ತಂದು ನಿಲ್ಲಿಸಿದಾಗ ಬಸಲಿಂಗಪ್ಪನವರು ಕೂಡ ಮೀಸೆಯಲ್ಲೇ ನಕ್ಕರು. ಸಾಹೇಬರು ಕಾಗದ ತರಿಸಿ, ನನ್ನ ಲೇಖನಿಯಿಂದಲೇ ‘ಈತ ಯೋಗ್ಯ’ ಎಂದು ಬರೆದು ರುಜು ಹಾಕಿದರು.

ಹೊರಡುವಾಗ ಬಾಗಿಲ ಕಡೆ ತಿರುಗಿ, “ಅಕ್ಕಾವ್ರ, ನನ್ನ ಮಾತು ನಡುವೆ ನಿಲ್ಲಿಸಿದವರು ನೀವೇ ಮೊದಲು” ಎಂದರು.

“ನಿಲ್ಲಿಸ್ಲಿಲ್ರಿ ಸಾಹೇಬ್ರ, ಛಾ ಕೇಳ್ದೆ. ನೀವು...”

“ಛಾ ಕುಡಿದೇ ಹೋಗ್ತೀನಿ” ಎಂದರು ಸಾಹೇಬರು. ಅಕ್ಕನ ವಾಕ್ಯವೊಂದನ್ನು ಇನ್ನೊಬ್ಬರು ನಡುವೆ ತಡೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಬಸಲಿಂಗಪ್ಪನವರು ಕಾಗದವನ್ನು ಅಂಗಿಯ ಒಳಜೇಬಿಗೆ ಇಟ್ಟುಕೊಂಡು, ಮಗನ ಟ್ರಂಕನ್ನು ತಾವೇ ಎತ್ತಿದರು. “ಅಂಗಡಿಗೆ ಬ್ಯಾರೆ ಆಳು ನೋಡಬೇಕಾತು” ಎಂದು ಗೊಣಗಿದರು. ಗೊಣಗಿದ್ದರಲ್ಲಿ ಸಿಟ್ಟಿರಲಿಲ್ಲ. ವೀರೇಶ ನನಗೆ ನಮಸ್ಕಾರ ಮಾಡಿ, ಅಕ್ಕನ ಕಾಲು ಮುಟ್ಟಲು ಬಾಗಿದ. “ಜೈದಗ ಏನರ ಆದ್ರ ಕಾಗದಾ ಬರೀಯೋ” ಎಂದಳು ಅಕ್ಕ. ನಿಜವಾಗಿ ಹೇಳಿದಳೋ ತಮಾಷೆಗೋ, ಇಂದಿಗೂ ನನಗೆ ತಿಳಿಯದು.

ಯುದ್ಧಕಾಲವಾದ್ದರಿಂದ ಇದ್ದಿಲಿನಿಂದ ಓಡುತ್ತಿದ್ದ ಮಧ್ಯಾಹ್ನದ ಬಸ್ಸಿಗೆ ತಂದೆ ಮಗ ಹೋದರು. ಮರುದಿನದಿಂದ ಬರುವ ಹೊಸ ಹುಡುಗರಿಗಾಗಿ ನಾನು ಸಂಜೆ ಹಲಗೆ ಒರೆಸಿ ವೇಳಾಪತ್ರಿಕೆ ಬರೆಯತೊಡಗಿದೆ. ಏಳಕ್ಕೆ ಚರಿತ್ರೆ, ಎಂಟಕ್ಕೆ ತರ್ಕ. ಐದಕ್ಕೆ ಬಂದಾಗ ಸುಣ್ಣದ ಕಡ್ಡಿ ಸ್ವಲ್ಪ ಹೊತ್ತು ತಡೆಯಿತು. ಆಮೇಲೆ ‘ಮೌನ ಓದು’ ಇದ್ದ ಜಾಗದಲ್ಲಿ ‘ನೀಲವ್ವ’ ಎಂದು ದುಂಡಗೆ ಬರೆದೆ.

ಅಕ್ಕ ಮೊರದಲ್ಲಿ ಕಾಳು ಹಿಡಿದುಕೊಂಡು ಬಂದಳು. “ಏನ್ ಬರ್ದ್ಯೋ ತಮ್ಮಾ? ಓದಿ ಹೇಳು.”

“ನಾಳೆಯಿಂದ ಐದು ಗಂಟೆಗೆ...”

“ಐದಕ್ಕ ನನಗ ಎಮ್ಮಿ ಹಿಂಡೂದೈತಿ. ಇಷ್ಟು ದಿನ ನಿನ್ನ ಹುಡುಗನ ಸಲುವಾಗಿ ಅದು ಹೊತ್ತಾಗಿ ಹಾಲು ಕೊಟ್ಟು ಸಾಕಾಗೈತಿ. ಆರಕ್ಕ ಹಾಕು.”

ಅಧಿಕಾರಿ ಬಂದರೂ ಬದಲಾಗದ ವೇಳಾಪತ್ರಿಕೆ. ನಾನು ಅಂಗೈಯಿಂದ ಐದನ್ನು ಒರೆಸಿ ಆರು ಎಂದು ಬರೆದೆ. ಕೈ ತೊಳೆದುಕೊಂಡು, ಹಳಿಯ ತುಂಡಿಗೆ ದಿನದ ಕೊನೆಯ ಪೆಟ್ಟು ಹಾಕಿದೆ.